ತಮ್ಮ ಪ್ರಜೆ, ಅಣ್ಣ ಅರ್ಜಿದಾರ

ದೇವಸುಗೂರಿನ ಕೃಷ್ಣಾ ಸೇತುವೆಗೆ ಬೆನ್ನು ಮಾಡಿ ರಾಯಚೂರು, ಮಾನ್ವಿ ದಾಟಿ ಸಿಂಧನೂರಿನ ಕಡೆ ಹೊರಟರೆ ಹಳ್ಳಿಗಳ ನಡುವೆ ‘ಕ್ಯಾಂಪ್’ಗಳು ಎದುರಾಗತೊಡಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆಯೇ ಬಂದ ಆಂಧ್ರದ ರೈತರು ಕಟ್ಟಿಕೊಂಡ ಊರೂ ಕ್ಯಾಂಪೇ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಲಿ ನಿರಾಶ್ರಿತರಿಗೆ ಸರ್ಕಾರ ಕೊಟ್ಟ ನೆಲೆಯೂ ಕ್ಯಾಂಪೇ. ಮೊಮ್ಮಕ್ಕಳ ಮದುವೆಯಾದರೂ ಆ ಹೆಸರು ಹೋಗಿಲ್ಲ.

ಎರಡನೆಯ ಬಗೆಯವನ್ನು ಸುತ್ತಲಿನವರು ಆರ್‌ಎಚ್ ಕ್ಯಾಂಪ್, ಅಂದರೆ ಪುನರ್ವಸತಿ ಕ್ಯಾಂಪ್, ಎನ್ನುತ್ತಾರೆ. ಹುಟ್ಟಿಗೂ ಪೌರತ್ವಕ್ಕೂ ಇರುವ ನಂಟು ಭಾರತದಲ್ಲಿ ಹೇಗೆ ಸಡಿಲವಾಯಿತು ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲಿಲ್ಲ.

1955ರ ಪೌರತ್ವ ಕಾಯ್ದೆ ಮೊದಲಿಗೆ ಧಾರಾಳವಾಗಿತ್ತು. 1950ರ ಜನವರಿ 26ರಿಂದ ಈಚೆಗೆ ಈ ನೆಲದಲ್ಲಿ ಹುಟ್ಟಿದ ಕೂಸು ಭಾರತದ ಪ್ರಜೆ. ಹೆತ್ತವರು ವೀಸಾದ ಮೇಲೆ ಓದಲು ಬಂದವರೇ, ಗಡಿ ದಾಟಿ ಓಡಿ ಬಂದವರೇ ಎಂದು ಕೇಳುತ್ತಿರಲಿಲ್ಲ. ವಿದೇಶಿ ರಾಯಭಾರಿಗಳ ಮಕ್ಕಳಂಥ ಕೆಲವರಿಗಷ್ಟೇ ವಿನಾಯಿತಿ. 1985ರ ಅಸ್ಸಾಂ ಒಪ್ಪಂದದ ಬೆನ್ನಲ್ಲೇ ಬಂದ ತಿದ್ದುಪಡಿ ಬಾಗಿಲನ್ನು ಅರ್ಧ ಮುಚ್ಚಿತು: 1987ರ ಜುಲೈ 1ರಿಂದ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಇದನ್ನು ಕ್ಯಾಂಪಿನ ಒಂದೇ ಮನೆಯೊಳಗೆ ಇಟ್ಟು ನೋಡಬೇಕು. ಅವ್ವನ ಸೊಂಟದ ಮೇಲೆ ಕುಳಿತು ಗಡಿ ದಾಟಿದ ಅಣ್ಣ ವಿದೇಶಿ. 1980ರಲ್ಲಿ ಸಿಂಧನೂರಿನಲ್ಲಿ ಹುಟ್ಟಿದ ತಮ್ಮ ಹುಟ್ಟಿನಿಂದಲೇ ಭಾರತೀಯ. ಉಂಡದ್ದು ಒಂದೇ ತಾಟಿನಲ್ಲಿ, ಗದ್ದೆಯಲ್ಲಿ ನಾಟಿ ಮಾಡಿದ್ದೂ ಒಟ್ಟಿಗೇ.

ಇಂಥ ಅಣ್ಣಂದಿರು ಅರ್ಜಿ ಹಾಕಲು ದಾರಿ ಮಾಡಿದ ಪೌರತ್ವ ತಿದ್ದುಪಡಿ ಕಾಯ್ದೆ 2019ರಲ್ಲಿ ಬಂದರೂ ಅದರ ನಿಯಮಗಳು ಹೊರಬಿದ್ದದ್ದು 2024ರ ಮಾರ್ಚ್ 11ರಂದು. ಆ ವರ್ಷದ ಆಗಸ್ಟ್‌ನಲ್ಲಿ ಸಿಂಧನೂರಿನ ಕ್ಯಾಂಪುಗಳ ಐವರಿಗೆ ಪೌರತ್ವ ಸಿಕ್ಕಿತು. ಈ ಕಾಯ್ದೆಯಡಿ ಕರ್ನಾಟಕದಲ್ಲಿ ಅವರೇ ಮೊದಲಿಗರು. ಐವತ್ತು ವರ್ಷ ಇಲ್ಲಿಯವನೆಂದೇ ಬದುಕಿದವನು ಅದಕ್ಕಾಗಿ ಮೊದಲು ‘ನಾನು ಹೊರಗಿನಿಂದ ಬಂದವನು’ ಎಂದು ಬರೆದುಕೊಡಬೇಕು. ವಿಚಿತ್ರವೆಂದರೆ ಇದೇ.

ರಾಯಚೂರು ಸೀಮೆಯಿಂದ ಎಚ್‌-1ಬಿ ವೀಸಾದ ಮೇಲೆ ಅಮೆರಿಕಕ್ಕೆ ಹೋದ ಎಂಜಿನಿಯರುಗಳ ಮನೆಗಳಿಗೂ ಈಚೆಗೆ ಹುಟ್ಟು ಮತ್ತು ಪೌರತ್ವದ ಈ ಪ್ರಶ್ನೆ ತಟ್ಟಿದೆ. ಅಲ್ಲಿ ಹುಟ್ಟಿನ ಪೌರತ್ವಕ್ಕೆ ಸಂವಿಧಾನದ 1868ರ 14ನೇ ತಿದ್ದುಪಡಿಯೇ ಆಧಾರ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ 1898ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದು ಅದನ್ನು ಗಟ್ಟಿ ಮಾಡಿದ. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆಗೆ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದಿದ್ದರೆ ಮಗುವಿಗೆ ಪೌರತ್ವವಿಲ್ಲ ಎಂದು 2025ರ ಜನವರಿ 20ರಂದು ಟ್ರಂಪ್ ಆದೇಶಿಸಿದರು. ಕೆಳಗಿನ ಕೋರ್ಟುಗಳು ತಡೆದವು. ಆ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ವಿಚಾರಣೆಗೆ ಒಪ್ಪಿತು. ಅಲ್ಲಿ ಅಷ್ಟೊಂದು ಗದ್ದಲವೆಬ್ಬಿಸಿದ ಮಾತು ಇಲ್ಲಿ ಎಂದೋ ಕಾನೂನಾಗಿತ್ತು ಎಂಬುದು ಇಲ್ಲಿನ ಅಜ್ಜ ಅಜ್ಜಿಯರಿಗೆ ಅಷ್ಟಾಗಿ ಗೊತ್ತಿಲ್ಲ.

ಆ ಕಾನೂನು ಕಾಗದದಲ್ಲಿ ಕಾಣುತ್ತದೆಯೇ ಎಂದು ನಮ್ಮ ಜನನ ಪ್ರಮಾಣಪತ್ರವನ್ನೇ ಬಿಚ್ಚಿ ನೋಡಬಹುದು. ಮಗುವಿನ ಹೆಸರು, ಹುಟ್ಟಿದ ದಿನ, ಸ್ಥಳ, ತಾಯಿ, ತಂದೆ, ವಿಳಾಸ, ನೋಂದಣಿ ಸಂಖ್ಯೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಹುಟ್ಟಿನ ದಾಖಲೆ ಇದೊಂದೇ. ಹೆತ್ತವರು ಯಾವ ದೇಶದವರೆಂದು ಬರೆಯಲು ಅದರಲ್ಲಿ ಕಾಲಮ್ಮಿಲ್ಲ.