ಕಾಲೇಜಿನ ಬಾಗಿಲಲ್ಲಿ ತಂದೆತಾಯಿಗಳು

ನಮ್ಮ ನಾಡಿನ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಮೂರು ಬಗೆಯ ಜನರನ್ನು ಮರೆಯುವುದಿಲ್ಲ. ಕಾಲೇಜನ್ನು ಸ್ಥಾಪಿಸಿದ ಪ್ರಭುಗಳು, ಅದರಲ್ಲಿ ಪಾಠ ಹೇಳಿದ ಪ್ರೊಫೆಸರುಗಳು, ಅಲ್ಲಿಂದ ಹೊರಬಿದ್ದು ಹೆಸರಾದ ವಿದ್ಯಾರ್ಥಿಗಳು. ಆ ವಿದ್ಯಾರ್ಥಿಯನ್ನು ಕರೆದುಕೊಂಡು ಹಳ್ಳಿಯಿಂದ ಬಂದು, ಅರ್ಜಿಯನ್ನು ಕೈಯಲ್ಲಿ ಹಿಡಿದು, ಕಚೇರಿಯ ಜಗುಲಿಯ ಮೇಲೆ ಮಧ್ಯಾಹ್ನದವರೆಗೆ ಕುಳಿತಿದ್ದ ತಂದೆಯ ಸುದ್ದಿ ಯಾವ ವರದಿಯಲ್ಲಿಯೂ ಬರುವುದಿಲ್ಲ. ಫೀಜಿಗೆಂದು ಕೈಯ ಬಳೆಯನ್ನು ತೆಗೆದುಕೊಟ್ಟ ತಾಯಿಯ ಹೆಸರು ಯಾವ ಕ್ಯಾಲೆಂಡರಿನಲ್ಲಿಯೂ ಅಚ್ಚಾಗಿಲ್ಲ. ಈ ಹೊತ್ತು ನಾವು ಅಂತಹವರನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ. ದಾಖಲೆ ಕಡಿಮೆ, ದೊಡ್ಡವರಾದ ಮಕ್ಕಳು ನೆನೆದು ಬರೆದುದರಿಂದಲೂ, ಜೀವನಚರಿತ್ರೆಗಳ ಮೊದಲ ಅಧ್ಯಾಯಗಳಿಂದಲೂ ಅಷ್ಟಿಷ್ಟು ಆಯ್ದುಕೊಳ್ಳಬೇಕಾಗಿದೆ.

ಕಾಲೇಜು ಎಂಬುದು ಆಗ ದೂರದ ಊರಿನ ಮಾತು. ಬೆಂಗಳೂರಿನಲ್ಲಿ 1858ರಲ್ಲಿ ಹೈಸ್ಕೂಲಾಗಿ ಆರಂಭವಾದುದು 1875ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರನ್ನು ಪಡೆಯಿತು. ಮೈಸೂರಿನ ಮಹಾರಾಜಾ ಕಾಲೇಜಿನ ಮೂಲ 1833ರ ರಾಜಾ ಫ್ರೀ ಸ್ಕೂಲು. ಮಂಗಳೂರಿನಲ್ಲಿ ಸೇಂಟ್ ಅಲೋಷಿಯಸ್ ಕಾಲೇಜು 1880ರಲ್ಲಿ ಹುಟ್ಟಿತು. ಧಾರವಾಡದ ಕರ್ನಾಟಕ ಕಾಲೇಜಾದರೋ 1917ರವರೆಗೆ ಇರಲೇ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1916ನೆಯ ಜುಲೈ 27ರಂದು ಸ್ಥಾಪಿತವಾಗುವ ತನಕ ನಮ್ಮ ಹುಡುಗರ ಮೆಟ್ರಿಕ್ಯುಲೇಷನ್ನು, ಎಫ್. ಎ., ಬಿ. ಎ. ಎಲ್ಲವೂ ಮದರಾಸು ಯೂನಿವರ್ಸಿಟಿಯ ಅಧೀನದಲ್ಲಿದ್ದುವು. ಹೀಗಿರುವಲ್ಲಿ ಹದಿನಾರು ವರ್ಷದ ಹುಡುಗನನ್ನು ಕಾಲೇಜಿಗೆ ಸೇರಿಸುವುದೆಂದರೆ ಮೊದಲು ಅವನನ್ನು ಮನೆಯಿಂದ ಬೀಳ್ಕೊಡುವುದು ಎಂದೇ ಅರ್ಥ. ಫೀಜು, ಪುಸ್ತಕ, ದೀಪದ ಎಣ್ಣೆ ಇವುಗಳ ಚಿಂತೆ ಅನಂತರ ಬರುವುದು. ಮೊದಲ ಚಿಂತೆ ಅನ್ನದ್ದು.

ಈ ಅನ್ನದ ಪ್ರಶ್ನೆಗೆ ನಮ್ಮ ಹಿರಿಯರು ಕಂಡುಕೊಂಡ ಉತ್ತರವೇ ವಾರಾನ್ನ. ಅದು ನಡೆಯುತ್ತಿದ್ದ ಬಗೆಯನ್ನು ಇಂದಿನ ಕಿರಿಯರಿಗೆ ಸ್ವಲ್ಪ ವಿವರಿಸಿಯೇ ಹೇಳಬೇಕು. ತಂದೆಯು ಮಗನನ್ನು ಪಟ್ಟಣಕ್ಕೆ ಕರೆತಂದು, ದೂರದ ನೆಂಟರಲ್ಲಿಯೋ ಊರಿನ ಕಡೆಯ ಪರಿಚಿತರಲ್ಲಿಯೋ ಇಳಿದುಕೊಂಡು, ಬೀದಿ ಬೀದಿ ಅಲೆದು ಏಳು ಮನೆಗಳನ್ನು ಗೊತ್ತುಮಾಡಬೇಕು. ಸೋಮವಾರ ವಕೀಲರ ಮನೆ, ಮಂಗಳವಾರ ಅಮಲ್ದಾರರ ಮನೆ, ಬುಧವಾರ ಮೇಷ್ಟರ ಮನೆ, ಹೀಗೆ. ಐದು ಮನೆ ಸಿಕ್ಕಿ ಎರಡು ಸಿಕ್ಕದಿದ್ದರೆ ಆ ಎರಡು ದಿನ ದೇವಸ್ಥಾನದ ಪ್ರಸಾದವೋ, ಛತ್ರವೋ, ಏಕಾದಶಿಯೋ! ಗೊತ್ತಾದ ಮನೆಯಲ್ಲಿಯೂ ಸೂತಕ ಬಂದರೆ, ಮನೆಯವರು ಊರಿಗೆ ಹೋದರೆ, ಆ ದಿನ ಹುಡುಗನಿಗೆ ತಣ್ಣೀರೇ ಗತಿ. ಬಾವಿಯಿಂದ ನೀರು ಸೇದಿಕೊಡುವುದು, ಪೂಜೆಗೆ ಹೂವು ಬಿಡಿಸುವುದು, ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು, ಇವೆಲ್ಲ ಯಾರೂ ಬಾಯಿಬಿಟ್ಟು ಕೇಳದ, ಆದರೆ ಎಲ್ಲರೂ ಅಪೇಕ್ಷಿಸುತ್ತಿದ್ದ ಸೇವೆಗಳು. ಎಷ್ಟೋ ಮನೆಗಳಲ್ಲಿ ಗೃಹಿಣಿಯರು ವಾರದ ಹುಡುಗನನ್ನು ಸ್ವಂತ ಮಗನಂತೆ ಕಂಡು ತುಪ್ಪ ಬಡಿಸಿದುದೂ ಉಂಟು. ಕೆಲವು ಮನೆಗಳಲ್ಲಿ ಕೊನೆಯ ಪಂಕ್ತಿಯವರೆಗೆ ಕಾಯಿಸಿದುದೂ ಉಂಟು. ವಾರಾನ್ನವನ್ನು ಕೇವಲ ಔದಾರ್ಯದ ಕಥೆಯನ್ನಾಗಿ ಹೇಳುವವರೊಡನೆ ನಮಗೆ ಒಮ್ಮತವಿಲ್ಲ. ಅಪರಿಚಿತನ ಹೊಸ್ತಿಲಲ್ಲಿ ನಿಂತು ‘ನನ್ನ ಮಗನಿಗೆ ಗುರುವಾರ ಒಂದು ಹೊತ್ತು’ ಎಂದು ಕೇಳುವಾಗ ಆ ತಂದೆಯ ಧ್ವನಿ ಹೇಗಿದ್ದಿರಬೇಕು!

ಇಷ್ಟಾದರೂ ಕೇಳಲು ಏಳು ಮನೆಗಳಾದರೂ ಇದ್ದವರು ಭಾಗ್ಯವಂತರೇ ಸರಿ. ವಾರಾನ್ನವು ಬಹುಮಟ್ಟಿಗೆ ಬ್ರಾಹ್ಮಣರಲ್ಲಿ ನಡೆಯುತ್ತಿದ್ದ ಏರ್ಪಾಡು. ಸ್ವಜಾತಿಯ ನೌಕರರು ಪೇಟೆಯಲ್ಲಿ ನಾಲ್ಕು ಜನರೂ ಇಲ್ಲದ ಒಕ್ಕಲು ಮಗನ ತಂದೆ ಯಾವ ಬಾಗಿಲನ್ನು ತಟ್ಟಬೇಕು? ಈ ಪ್ರಶ್ನೆಯಿಂದಲೇ ವಿದ್ಯಾರ್ಥಿನಿಲಯಗಳು ಹುಟ್ಟಿದುವೆಂದು ಹೇಳಿದರೆ ತಪ್ಪಾಗಲಾರದು. ಗುಬ್ಬಿ ತೋಟದಪ್ಪನವರ ಧರ್ಮದಿಂದ ಬೆಂಗಳೂರಿನಲ್ಲಿ ಛತ್ರವೂ ವೀರಶೈವ ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಏರ್ಪಟ್ಟುವು. ಮುಂದೆ ಸಿದ್ಧಗಂಗೆಯ ಮಠಾಧಿಪತಿಗಳಾಗಿ ಸಹಸ್ರಾರು ಮಕ್ಕಳಿಗೆ ಅನ್ನವಿಟ್ಟ ಶಿವಕುಮಾರ ಸ್ವಾಮಿಗಳು ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಉಳಿದುಕೊಂಡಿದ್ದುದು ಆ ನಿಲಯದಲ್ಲಿಯೇ. 1906ರಲ್ಲಿ ಒಕ್ಕಲಿಗರ ಸಂಘವು ಸ್ಥಾಪಿತವಾಯಿತು. ಮೈಸೂರಿನಲ್ಲಿ ‘ತಾತಯ್ಯ’ ಎಂದು ಜನರು ಪ್ರೀತಿಯಿಂದ ಕರೆದ ಎಂ. ವೆಂಕಟಕೃಷ್ಣಯ್ಯನವರು ಬಡ ವಿದ್ಯಾರ್ಥಿಗಳಿಗಾಗಿ ಅನಾಥಾಲಯವನ್ನು ನಡೆಸಿದರು. ಜಾತಿಗೊಂದು ಹಾಸ್ಟೆಲು ಎಂದು ಹಿಂದಿನಿಂದ ಟೀಕಿಸಿದವರು ಅನೇಕರು. ಊಟದ ಪಂಕ್ತಿಯೇ ಜಾತಿಗೊಂದಾಗಿದ್ದ ಕಾಲದಲ್ಲಿ ಹಾಸ್ಟೆಲು ಬೇರೆ ವಿಧವಾಗಿರಲು ಹೇಗೆ ಸಾಧ್ಯವಿದ್ದಿತೆಂಬುದನ್ನು ಮಾತ್ರ ಆ ಟೀಕಾಕಾರರು ಹೇಳಿದಂತಿಲ್ಲ.

ಇನ್ನು ವಿದ್ಯಾರ್ಥಿವೇತನದ ಮಾತಿಗೆ ಬರೋಣ. ಮುದ್ದೇನಹಳ್ಳಿಯ ಶ್ರೀನಿವಾಸಶಾಸ್ತ್ರಿಗಳ ಮಗ ಇನ್ನೂ ಬಾಲಕನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡನು. ತಾಯಿ ವೆಂಕಟಲಕ್ಷ್ಮಮ್ಮನವರು, ಆಸರೆಯಾದವರು ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರು. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಆ ತರುಣನು ಕೊಡಗಿನವರೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿ ತನ್ನ ಖರ್ಚನ್ನು ತೂಗಿಸಿಕೊಳ್ಳುತ್ತಿದ್ದನು. 1881ರಲ್ಲಿ ಬಿ. ಎ. ಆಯಿತು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯ ಸೈನ್ಸ್ ಕಾಲೇಜಿಗೆ ಸೇರಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗನಾಗಿ ತೇರ್ಗಡೆಹೊಂದಿದುದು ಎಲ್ಲರೂ ಬಲ್ಲ ಸಂಗತಿ. ಲೆಕ್ಕಾಚಾರದವರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಹಣವನ್ನು ಕೊಟ್ಟುದು ಮೈಸೂರು. 1884ರಲ್ಲಿ ಅವರು ನೌಕರಿಗೆ ಸೇರಿದುದು ಮುಂಬಯಿ ಸರ್ಕಾರವನ್ನು. ಆಗಿನ ಲೆಕ್ಕದಲ್ಲಿ ಇದು ಸಂಸ್ಥಾನಕ್ಕೆ ನಷ್ಟವೇ. ಅವರು ಮೈಸೂರಿಗೆ ಚೀಫ್ ಎಂಜಿನಿಯರಾಗಿ ಹಿಂದಿರುಗಿದುದು ಕಾಲು ಶತಮಾನದ ಮೇಲೆ, 1909ರಲ್ಲಿ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿತು.

ವೇತನ ದೊರೆತರೆ ಸಾಲದು, ಅದು ಉಳಿಯಬೇಕು. ಇದಕ್ಕೆ ನಿದರ್ಶನ ಕುಂಭಕೋಣದಲ್ಲಿದೆ. 1904ರಲ್ಲಿ ಅಲ್ಲಿನ ಸರ್ಕಾರಿ ಕಾಲೇಜಿಗೆ ವಿದ್ಯಾರ್ಥಿವೇತನದೊಡನೆ ಸೇರಿದ ಹುಡುಗನೊಬ್ಬನಿಗೆ ಗಣಿತದ ಹೊರತು ಬೇರೆ ಯಾವುದರಲ್ಲಿಯೂ ಮನಸ್ಸು ನಿಲ್ಲಲಿಲ್ಲ. ಇಂಗ್ಲಿಷಿನಲ್ಲಿ ಹಿಂದೆ ಬಿದ್ದನು, ವೇತನವು ನಿಂತುಹೋಯಿತು. ತಂದೆ ಬಟ್ಟೆಯಂಗಡಿಯಲ್ಲಿ ಗುಮಾಸ್ತೆ. ಒಂದು ಅವಧಿಯ ಫೀಜು 32 ರೂಪಾಯಿ, ಎಂದರೆ ಆತನ ತಿಂಗಳ ಸಂಬಳಕ್ಕಿಂತ ಹೆಚ್ಚು. ಆಗ ಪ್ರಿನ್ಸಿಪಾಲರ ಬಳಿಗೆ ಹೋಗಿ ವಾದಿಸಿದವರು ತಂದೆಯಲ್ಲ, ತಾಯಿ ಕೋಮಲತ್ತಮ್ಮಾಳ್. ಗಣಿತದಲ್ಲಿ ತನ್ನ ಮಗನಿಗೆ ಸಮಾನರಿಲ್ಲದಿರುವಾಗ ವೇತನವನ್ನು ಹೇಗೆ ನಿಲ್ಲಿಸುವಿರಿ ಎಂಬುದು ಆಕೆಯ ವಾದ. ಪ್ರಿನ್ಸಿಪಾಲರು ನಿಯಮವನ್ನು ತೋರಿಸಿದರು. ಹುಡುಗನು ಮನೆಬಿಟ್ಟು ವಿಶಾಖಪಟ್ಟಣದ ಕಡೆಗೆ ಓಡಿಹೋದನು. 1913ರಲ್ಲಿ ಮದರಾಸು ಯೂನಿವರ್ಸಿಟಿಯು ಅದೇ ರಾಮಾನುಜನ್‌ಗೆ ತಿಂಗಳಿಗೆ 75 ರೂಪಾಯಿಗಳ ಸಂಶೋಧನ ವೇತನವನ್ನು ಕೊಟ್ಟುದು ನಿಜ. ಆದರೆ ನಡುವಣ ಎಂಟು ವರ್ಷಗಳ ಹಸಿವು ಯಾವ ನಿಯಮದ ಲೆಕ್ಕಕ್ಕೂ ಸೇರಲಿಲ್ಲ. ನಿಯಮವಿಲ್ಲದೆ ಸಾರ್ವಜನಿಕ ಹಣವನ್ನು ಹಂಚುವುದು ಅಸಾಧ್ಯವೆಂಬುದನ್ನು ನಾವೂ ಬಲ್ಲೆವು. ಹಾಗಿದ್ದರೂ ಈ ಒಂದು ಮೊಕದ್ದಮೆಯಲ್ಲಿ ನಾವು ತಾಯಿಯ ಪಕ್ಷ.

ಮುಂಬಯಿ ಪ್ರಾಂತದ ಕನ್ನಡಿಗರ ಕಷ್ಟವೇ ಬೇರೆ. ಅಲ್ಲಿನ ಹುಡುಗನು ಮೆಟ್ರಿಕ್ ಮುಗಿಸಿದರೆ ಪುಣೆಗೋ ಮುಂಬಯಿಗೋ ರೈಲು ಹತ್ತಬೇಕು. ಊಟವೂ ಬೇರೆ, ಭಾಷೆಯೂ ಬೇರೆ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ದ. ರಾ. ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ. ಎ. ಮಾಡಿದುದು ಚಿಕ್ಕಪ್ಪನ ಆಶ್ರಯದಿಂದ. ಎಲ್ಲರಿಗೂ ಪುಣೆಯಲ್ಲಿ ಚಿಕ್ಕಪ್ಪನಿರುವುದಿಲ್ಲವಷ್ಟೆ. ಈ ಕೊರತೆಯನ್ನು ಕಂಡೇ ಅರಟಾಳ ರುದ್ರಗೌಡರು ಮೊದಲಾದವರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ಸಂಸ್ಥೆಯನ್ನು ಕಟ್ಟಿ ನಿಧಿಯನ್ನು ಕೂಡಿಸಿದರು. 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದೇ ಬಿಟ್ಟುಹೋದರು. ಹೆತ್ತ ಮಕ್ಕಳಿಲ್ಲದ ದೇಸಾಯರು ಎಷ್ಟೋ ಮನೆಗಳಿಗೆ ತಂದೆಯಾದರು. ಜೆಮ್‌ಶೆಟ್‌ಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ನಿಧಿಯ ಕ್ರಮವು ಇವುಗಳಿಗಿಂತ ಭಿನ್ನವಾದುದು. ಪರದೇಶಕ್ಕೆ ಹೋಗುವವರಿಗೆ ಅದು ದಾನವನ್ನು ಕೊಡುತ್ತಿರಲಿಲ್ಲ, ಸಾಲವನ್ನು ಕೊಡುತ್ತಿದ್ದಿತು. ಹಿಂದಿರುಗಿದ ಹಣ ಮುಂದಿನ ವಿದ್ಯಾರ್ಥಿಗೆ. ದಾನಕ್ಕೆ ತಲೆಬಾಗಲು ಸಂಕೋಚಪಡುವ ಮನೆತನಗಳಿಗೆ ಈ ಕ್ರಮವು ಹಿತವಾಗಿಯೇ ಕಂಡಿರಬೇಕು.

ನಮಗೆ ತಿಳಿದಮಟ್ಟಿಗೆ, ಈ ಚರಿತ್ರೆಯಲ್ಲೆಲ್ಲ ತಂದೆಯೊಬ್ಬನ ಚಿತ್ರವು ಅತ್ಯಂತ ಸ್ಪಷ್ಟವಾಗಿ ಉಳಿದಿರುವುದು ಮುಂಬಯಿಯ ಪರೇಲಿನ ಒಂದೇ ಕೋಣೆಯ ಮನೆಯಿಂದ. ಸೈನ್ಯದಲ್ಲಿದ್ದು ನಿವೃತ್ತರಾದ ಸುಬೇದಾರ್ ರಾಮಜಿ ಸಕ್ಪಾಲರ ಪೆನ್ಷನ್ನು ತಿಂಗಳಿಗೆ 50 ರೂಪಾಯಿ. ಮಗನಿಗೆ ಪುಸ್ತಕದ ಹುಚ್ಚು. ಕೇಳಿದ ಪುಸ್ತಕಕ್ಕೆ ಕೈಯಲ್ಲಿ ಹಣವಿಲ್ಲದಿದ್ದರೆ ರಾಮಜಿಯವರು ಅದೇ ಊರಿನಲ್ಲಿದ್ದ ಕಿರಿಯ ಮಗಳ ಮನೆಗೆ ನಡೆದುಹೋಗಿ ಮೂರೋ ನಾಲ್ಕೋ ರೂಪಾಯಿ ಕೇಳುವರು. ಆಕೆಯ ಬಳಿ ಇಲ್ಲದಿದ್ದರೆ ಹಿರಿಯ ಮಗಳಲ್ಲಿಗೆ ಹೋಗಿ ಅವಳ ಒಡವೆಯೊಂದನ್ನು ಪಡೆದು ಒತ್ತೆಯಿಟ್ಟು ಪುಸ್ತಕ ತರುವರು. ಪೆನ್ಷನ್ನು ಬಂದ ಕೂಡಲೆ ಬಿಡಿಸಿ ಹಿಂದಕ್ಕೆ ಕೊಡುವರು. ಪರೀಕ್ಷೆಯ ಕಾಲದಲ್ಲಿ ರಾತ್ರಿ ಎರಡು ಗಂಟೆಯವರೆಗೆ ತಾವು ಎಚ್ಚರವಾಗಿದ್ದು, ಆಮೇಲೆ ಮಗನನ್ನು ಓದಿಗೆ ಎಬ್ಬಿಸಿ ತಾವು ಮಲಗುವರು. ಅಸ್ಪೃಶ್ಯರೆನಿಸಿದ ಕುಲದ ಆ ಹುಡುಗನು 1907ರಲ್ಲಿ ಮೆಟ್ರಿಕ್ ಮುಗಿಸಿ ಎಲ್ಫಿನ್‌ಸ್ಟನ್ ಕಾಲೇಜಿಗೆ ಸೇರಿದನು. ಕಾಲೇಜಿನ ನಡುವಿನಲ್ಲಿ ತಂದೆಯ ಶಕ್ತಿ ಕುಂದಿತು. ಆಗ ಕೇಳುಸ್ಕರ್ ಎಂಬ ಉಪಾಧ್ಯಾಯರು ಹುಡುಗನನ್ನು ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರಲ್ಲಿಗೆ ಕರೆದುಕೊಂಡುಹೋದರು. ಮಹಾರಾಜರು ಕೆಲವು ಪ್ರಶ್ನೆಗಳನ್ನು ಕೇಳಿ, ತಿಂಗಳಿಗೆ 25 ರೂಪಾಯಿಗಳನ್ನು ಮಂಜೂರು ಮಾಡಿದರು. 1913ರ ಫೆಬ್ರವರಿಯಲ್ಲಿ ರಾಮಜಿಯವರು ತೀರಿಕೊಂಡರು. ಅದೇ ವರ್ಷ ಬರೋಡೆಯು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಗಳ ವೇತನವನ್ನು ಕೊಟ್ಟು, ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು ಬರೆಯಿಸಿಕೊಂಡು, ಭೀಮರಾವ್ ಅಂಬೇಡ್ಕರರನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿತು. ಮಗನು ಹಡಗು ಹತ್ತಿದುದನ್ನು ಕಾಣಲು ತಂದೆ ಇರಲಿಲ್ಲ. 1920ರ ದಶಕದ ಕೊನೆಗೆ ಅಂಬೇಡ್ಕರರು ದಲಿತ ವಿದ್ಯಾರ್ಥಿಗಳಿಗಾಗಿ ಧಾರವಾಡದಲ್ಲಿಯೂ ಒಂದು ನಿಲಯವನ್ನು ತೆರೆಯಿಸಿದರು.

ಅಷ್ಟರಲ್ಲಿ ಮೈಸೂರಿನಲ್ಲಿ ಮಾತಿನ ಧಾಟಿಯೇ ಬದಲಾಗಿದ್ದಿತು. 1917ರಲ್ಲಿ ಸ್ಥಾಪಿತವಾದ ಪ್ರಜಾಮಿತ್ರ ಮಂಡಲಿಯ ಮನವಿಯ ಮೇಲೆ, ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ 1918ರಲ್ಲಿ ಸಮಿತಿಯೊಂದು ನೇಮಕವಾಯಿತು. ನೌಕರಿಗಳಲ್ಲಿ ಹಿಂದುಳಿದ ಕೋಮುಗಳಿಗೆ ಪಾಲು ದೊರೆಯಬೇಕೆಂದು 1919ರಲ್ಲಿ ಅದು ಹೇಳಿದುದು ಪ್ರಸಿದ್ಧವಾಗಿದೆ. ವಿದ್ಯಾರ್ಥಿವೇತನ ಮತ್ತು ವಿದ್ಯಾರ್ಥಿನಿಲಯಗಳ ಬಗ್ಗೆ ಅದು ಹೇಳಿದುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ನಮ್ಮ ಪ್ರಸ್ತುತಕ್ಕೆ ಮುಖ್ಯವಾದುದು ಎರಡನೆಯದೇ. ವಾರಾನ್ನಕ್ಕೆ ಹೊಸ್ತಿಲಲ್ಲಿ ನಿಂತ ತಂದೆಯು ಬೇಡುತ್ತಿದ್ದನು. ಸರ್ಕಾರದ ಆಜ್ಞೆಯನ್ನು ಓದಿಕೊಂಡು, ಅದರ ಪ್ರಕಾರ ಅರ್ಜಿ ಬರೆದ ತಂದೆಯು ಕೇಳುತ್ತಿದ್ದನು. ವರ್ಷವರ್ಷವೂ ಕೊಟ್ಟ ವೇತನಗಳು ಕೇಳಿದವರ ಸಂಖ್ಯೆಗೆ ಸಾಲಲಿಲ್ಲವೆಂಬುದು ಬೇರೆ ಮಾತು.

ಗಂಡುಮಕ್ಕಳ ಕಥೆಯನ್ನೇ ಇಷ್ಟು ಹೊತ್ತು ಹೇಳಿದೆವು, ದಾಖಲೆಗಳು ಹಾಗಿವೆ. ಹೆಣ್ಣುಮಕ್ಕಳ ವಿಷಯದಲ್ಲಿ ಹಣವಿದ್ದೂ ಬಾಗಿಲು ಮುಚ್ಚಿರುತ್ತಿದ್ದಿತು. 1933ರಲ್ಲಿ ಕಮಲಾ ಭಾಗವತ್ ಎಂಬ ಯುವತಿಯು ಮುಂಬಯಿಯ ಬಿ. ಎಸ್‌ಸಿ. ಪರೀಕ್ಷೆಯಲ್ಲಿ ಅಗ್ರಸ್ಥಾನವನ್ನು ಪಡೆದು ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರಕ್ಕೆ ಅರ್ಜಿ ಹಾಕಿದರು. ಅವರ ತಂದೆ ನಾರಾಯಣರಾಯರೂ ಚಿಕ್ಕಪ್ಪ ಮಾಧವರಾಯರೂ ರಸಾಯನಶಾಸ್ತ್ರಜ್ಞರು. ಅದೇ ಮಂದಿರದಲ್ಲಿ ಓದಿದವರು. ಹೆಂಗಸೆಂಬ ಕಾರಣದಿಂದ ಡೈರೆಕ್ಟರಾಗಿದ್ದ ಸರ್ ಸಿ. ವಿ. ರಾಮನ್ನರು ಅರ್ಜಿಯನ್ನು ತಿರಸ್ಕರಿಸಿದರು. ಹಿರಿಯರ ಪರಿಚಯ, ಹಿರಿಯರ ಪತ್ರ, ಯಾವುದೂ ನಡೆಯಲಿಲ್ಲ. ಕಮಲಾ ಅವರು ತಾವೇ ಬೆಂಗಳೂರಿಗೆ ಬಂದು, ಕಾರಣವನ್ನು ಕೇಳಿ, ಸತ್ಯಾಗ್ರಹಕ್ಕೆ ನಿಂತರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಇರಬಹುದು, ಕೆಲಸವು ಒಪ್ಪಿಗೆಯಾದರೆ ಮಾತ್ರ ನಿಜವಾದ ಪ್ರವೇಶ, ಅವರಿಂದ ಉಳಿದವರ ಗಮನ ಚದುರಬಾರದು ಎಂಬ ನಿಬಂಧನೆಗಳ ಮೇಲೆ ಒಳಗೆ ಬಿಟ್ಟರು. ವರ್ಷ ಕಳೆಯಿತು, ಕೆಲಸವು ಒಪ್ಪಿಗೆಯಾಯಿತು, ಅಲ್ಲಿಂದ ಮುಂದೆ ಆ ಮಂದಿರದಲ್ಲಿ ಸ್ತ್ರೀಯರಿಗೂ ಪ್ರವೇಶ ದೊರೆಯತೊಡಗಿತು. 1939ರಲ್ಲಿ ಕೇಂಬ್ರಿಜ್ಜಿನಿಂದ ಡಾಕ್ಟರ್ ಪದವಿಯನ್ನು ಪಡೆದ ಮೇಲೂ, ಆ ನಿಬಂಧನೆಗಳು ತಮಗಾದ ಅವಮಾನವೆಂಬುದನ್ನು ಅವರು ಮರೆಯಲಿಲ್ಲ.