ರಂಪಣಿಯ ಪಾಲು, ಕಡಲಿನ ಕಾನೂನು

ಕಡಲು ಯಾರಿಗೂ ಸೇರಿದ್ದಲ್ಲ, ಆದುದರಿಂದ ಅದನ್ನು ಯಾರೂ ಕಾಯುವುದಿಲ್ಲ ಎಂಬ ಮಾತನ್ನು ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಓದಿದವರು ನಮ್ಮಲ್ಲಿ ಅನೇಕರಿದ್ದಾರೆ. ಮಂಗಳೂರಿನ ತೀರದ ಚರಿತ್ರೆಯನ್ನು ನೋಡಿದರೆ ಆ ಮಾತು ಪೂರ್ತಿ ನಿಜವಲ್ಲವೆಂದು ನನಗೆ ತೋರುತ್ತದೆ. ಸರಕಾರದ ಮೀನುಗಾರಿಕಾ ಕಾಯಿದೆ ಬರುವ ಬಹಳ ಮೊದಲೇ ಇಲ್ಲಿಯ ಕಡಲಿಗೊಂದು ಕಟ್ಟುಪಾಡು ಇತ್ತು. ಅದು ರಂಪಣಿ ಬಲೆಯೊಂದಿಗೇ ಹೆಣೆದುಕೊಂಡಿತ್ತು. ಬಲೆ ಹೋದಾಗ ಅದೂ ಹೋಯಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ರಂಪಣಿ ಎಳೆಯುವುದನ್ನು ಕಣ್ಣಾರೆ ಕಂಡವರು ಈಗ ಐವತ್ತು ದಾಟಿದವರು. ಕಿರಿಯರಿಗೆ ಹೆಸರೂ ತಿಳಿದಿರಲಾರದು. ಅವರಿಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ರಂಪಣಿಯೆಂದರೆ ದಡದಿಂದ ಎಳೆಯುವ ಭಾರೀ ಬಲೆ. ಉದ್ದ ಒಂದು ಕಿಲೋಮೀಟರನ್ನೂ ಮೀರುತ್ತಿತ್ತು. ಪೋರ್ಚುಗೀಸ್ ಪಾದ್ರಿಯೊಬ್ಬರು ಗೋವೆಯಲ್ಲಿ ಅದನ್ನು ಬಳಕೆಗೆ ತಂದರೆಂಬ ಪ್ರತೀತಿಯಿದೆ. ಮಳೆಗಾಲ ಕಳೆದು ಬಂಗುಡೆ, ಬೂತಾಯಿಗಳ ಹಿಂಡು ತೀರದ ಹತ್ತಿರಕ್ಕೆ ಬರುವ ಸೆಪ್ಟೆಂಬರಿನಿಂದ ರಂಪಣಿಯ ಕಾಲ. ಅನುಭವಿಗಳು ನೀರಿನ ಬಣ್ಣ ಬದಲಾದುದನ್ನೂ ಹಕ್ಕಿಗಳು ಎರಗುವುದನ್ನೂ ನೋಡಿ ಹಿಂಡನ್ನು ಗುರುತಿಸುತ್ತಿದ್ದರು. ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೋಣಿ ಅರ್ಧಚಂದ್ರಾಕಾರವಾಗಿ ಹಿಂಡನ್ನು ಸುತ್ತಿ ಬಂದು ಮತ್ತೊಂದೆಡೆ ದಡ ಸೇರುತ್ತಿತ್ತು. ಅನಂತರ ಅರುವತ್ತು ಎಂಬತ್ತು ಮಂದಿ ಎರಡು ಸಾಲಾಗಿ ನಿಂತು ಹಗ್ಗ ಎಳೆಯಬೇಕು. ಮೀನು ವಿಪರೀತ ಸಿಕ್ಕಿದರೆ ಬಲೆಯನ್ನು ನೀರಿನಲ್ಲೇ ನಿಲ್ಲಿಸಿ, ಕೆಲವು ದಿನಗಳ ಕಾಲ ಬೇಕಾದಷ್ಟನ್ನೇ ತೆಗೆದು ಮಾರುವುದೂ ಇತ್ತು. ಮಂಜುಗಡ್ಡೆ ಸುಲಭವಾಗಿ ಸಿಗದ ಕಾಲದ ಶೀತಲಗೃಹವದು!

ಇಷ್ಟು ದೊಡ್ಡ ಬಲೆಯನ್ನು ಒಬ್ಬನೇ ಮಾಡಿಸಿಕೊಳ್ಳುವಂತಿರಲಿಲ್ಲ. ಪಾಲುದಾರರು ತಂದ ತುಂಡುಗಳನ್ನು ಜೋಡಿಸಿದಾಗಲೇ ಅದು ರಂಪಣಿಯಾಗುತ್ತಿತ್ತು. ಆದುದರಿಂದ ಮೀನಿನಲ್ಲಿ ಬಲೆಯ ತುಂಡಿಗೆ ಪಾಲು, ದೋಣಿಗೆ ಪಾಲು, ದುಡಿದ ಮೈಗೆ ಪಾಲು. ಮೊಗವೀರರ ಪಟ್ಣಗಳಲ್ಲಿ ಗುರಿಕಾರರ ಮಾತಿಗೆ ಬೆಲೆಯಿತ್ತು. ಜಗಳಗಳು ಹೆಚ್ಚಾಗಿ ಗ್ರಾಮಸಭೆಯಲ್ಲೇ ತೀರುತ್ತಿದ್ದವು. ಮಳೆಗಾಲದ ಬಿರುಸಿನಲ್ಲಿ ಕಡಲಿಗಿಳಿಯುವುದು ಆ ದೋಣಿಗಳಿಗೆ ಸಾಧ್ಯವಿರಲಿಲ್ಲ. ಶ್ರಾವಣದ ನೂಲ ಹುಣ್ಣಿಮೆಯ ಹೊತ್ತಿಗೆ ತಣ್ಣೀರುಬಾವಿಯ ತೀರದಲ್ಲಿ ಸಮುದ್ರಪೂಜೆ ಮಾಡಿ, ಹಾಲೆರೆದು ತೆಂಗಿನಕಾಯಿ ಅರ್ಪಿಸುವ ಕ್ರಮ ಇಂದಿಗೂ ಇದೆ. ಬೂತಾಯಿ ಮೊಟ್ಟೆಯಿಡುವುದು ಮುಖ್ಯವಾಗಿ ಮಳೆಗಾಲದಲ್ಲಿ. ಹಿರಿಯರು ಇದನ್ನೆಲ್ಲ ಲೆಕ್ಕಹಾಕಿಯೇ ಬಿಡುವು ಕೊಟ್ಟರೆಂದು ನಾನು ಹೇಳಲಾರೆ. ಅಲೆಯ ಭಯವೇ ದೊಡ್ಡ ಕಾರಣವಿರಬೇಕು. ಫಲ ಮಾತ್ರ ಒಂದೇ.

ಪೆಸಿಫಿಕ್ ಸಾಗರದ ಪಲಾವು ದ್ವೀಪಗಳಲ್ಲಿಯೂ ಇಂಥದೊಂದು ಪದ್ಧತಿಯಿದೆ. ಮೀನು ಮೊಟ್ಟೆಯಿಡುವ ಕಾಲದಲ್ಲಿ ಊರ ಮುಖ್ಯಸ್ಥರು ಹವಳದ ದಿಬ್ಬಗಳ ಕೆಲವು ಭಾಗಗಳಲ್ಲಿ ಮೀನು ಹಿಡಿಯದಂತೆ 'ಬುಲ್' ಎಂಬ ತಡೆ ಹಾಕುತ್ತಾರೆ. ಜೊಹಾನ್ಸ್ ಎಂಬ ವಿಜ್ಞಾನಿ ಅಲ್ಲಿಯ ಮೀನುಗಾರರ ತಿಳಿವಳಿಕೆಯನ್ನು ಸಂಗ್ರಹಿಸಿ 1981ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಮೇಲೆ ಹೊರಜಗತ್ತು ಅತ್ತ ಕಣ್ಣು ಹಾಯಿಸಿತು. ವಿಚಿತ್ರವೆಂದರೆ ಆ ಹೊತ್ತಿಗೆ ನಮ್ಮ ರಂಪಣಿ ಬಹುಮಟ್ಟಿಗೆ ಮರಳ ಮೇಲೆ ಒಣಗುತ್ತಿತ್ತು.

ಹಾಗೆಂದು ರಂಪಣಿಯ ಕಾಲವನ್ನು ಸತ್ಯಯುಗವೆಂದು ಬಗೆಯಬೇಕಿಲ್ಲ. ಅದರಲ್ಲಿ ಮರಿಮೀನೂ ಸಿಕ್ಕಿಬೀಳುತ್ತಿತ್ತು. ಹೆಚ್ಚಾದ ಬೂತಾಯಿ ಎಣ್ಣೆ ತೆಗೆಯುವಲ್ಲಿಗೂ ತೆಂಗಿನ ಬುಡಕ್ಕೂ ಹೋಗುತ್ತಿತ್ತು. ಬುಟ್ಟಿ ಹೊತ್ತು ಹತ್ತಾರು ಮೈಲಿ ನಡೆದು ಮಾರುತ್ತಿದ್ದ ಹೆಂಗಸರ ಮಾತು ಬಲೆಯ ನಿರ್ಧಾರಗಳಲ್ಲಿ ನಡೆಯುತ್ತಿರಲಿಲ್ಲ. ಬೂತಾಯಿ ಕೆಲವು ವರ್ಷ ಕಾಣೆಯಾಗುವುದೂ ಹೊಸತಲ್ಲ. ದಕ್ಷಿಣ ಕನ್ನಡವೂ ಮಲಬಾರೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1940ರ ದಶಕದಲ್ಲಿ ಅದು ತೀರಾ ಕಡಿಮೆಯಾಗಿ, ಸರಕಾರ ಮರಿಮೀನು ಹಿಡಿಯುವುದಕ್ಕೆ ನಿರ್ಬಂಧ ಹೇರಿ ಕೆಲವೇ ವರ್ಷಗಳಲ್ಲಿ ಹಿಂತೆಗೆದುಕೊಂಡಿತ್ತು.

ಸ್ವಾತಂತ್ರ್ಯಾನಂತರ ಸರಕಾರದ ಲಕ್ಷ್ಯವೆಲ್ಲ ಉತ್ಪಾದನೆಯ ಮೇಲೆ. ಟ್ರಾಲ್ ಬೋಟುಗಳು ಬಂದವು, ಸಿಗಡಿಗೆ ಹೊರದೇಶದ ಬೆಲೆ ಬಂತು. 1969ರಲ್ಲಿ ದೇಶದ ಮೊದಲ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲಿಯೇ ಆರಂಭವಾಯಿತು. ಇದೆಲ್ಲ ಊರಿಗೆ ಹೆಮ್ಮೆಯ ಸಂಗತಿಯೇ. ಆದರೆ 1970ರ ದಶಕದ ನಡುವಿನಲ್ಲಿ ಬಂದ ಪರ್ಸೀನ್ ಬಲೆ ಲೆಕ್ಕಾಚಾರವನ್ನೆಲ್ಲ ಬುಡಮೇಲು ಮಾಡಿತು. ಅದರ ಅಡಿಯಲ್ಲಿ ಬಳೆಗಳಿವೆ. ಹಿಂಡನ್ನು ಸುತ್ತಿ ಹಗ್ಗ ಎಳೆದರೆ ಹಮ್ಮಿಣಿಯ ಬಾಯಿಯಂತೆ ತಳ ಮುಚ್ಚಿಕೊಳ್ಳುತ್ತದೆ. ರಂಪಣಿಯವನು ಹಿಂಡು ದಡಕ್ಕೆ ಬರಲೆಂದು ಕಾಯಬೇಕು. ಪರ್ಸೀನಿನವನು ಹಿಂಡು ಇದ್ದಲ್ಲಿಗೇ ಹೋಗುತ್ತಾನೆ. ಎಂಬತ್ತು ಜನರ ಕೆಲಸಕ್ಕೆ ಇಪ್ಪತ್ತೈದು ಜನ ಸಾಕು. ದಡದಲ್ಲಿ ಕಾದವರಿಗೆ ಬರಿಯ ನೀರು ಉಳಿಯಿತು. ಪ್ರತಿಭಟನೆ ನಡೆಯಿತು, ಕಡಲಿನಲ್ಲಿ ಘರ್ಷಣೆಗಳೂ ಆದವು. ಕೊನೆಗೆ ರಂಪಣಿಯವರಲ್ಲೇ ಅನೇಕರು ಪರ್ಸೀನ್ ಬೋಟುಗಳಿಗೆ ಪಾಲುದಾರರಾಗಿಯೋ ಕೂಲಿಯವರಾಗಿಯೋ ಸೇರಿದರು. 1980ರ ದಶಕ ಮೊದಲಾಗುವಷ್ಟರಲ್ಲಿ ದೊಡ್ಡ ರಂಪಣಿ ಬಹುತೇಕ ಕಣ್ಮರೆಯಾಯಿತು. ಕೈರಂಪಣಿ ಎಂಬ ಚಿಕ್ಕ ಬಲೆ ಅಲ್ಲಲ್ಲಿ ಉಳಿಯಿತು.

ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂದದ್ದು 1986ರಲ್ಲಿ, ಅಂದರೆ ಹಳೆಯ ಕಟ್ಟುಪಾಡು ಕುಸಿದ ಮೇಲೆ. ತೀರದ ಹತ್ತಿರದ ನೀರನ್ನು ನಾಡದೋಣಿಗಳಿಗೆ ಮೀಸಲಿಡುವುದು, ಬಲೆಯ ಕಣ್ಣಿನ ಗಾತ್ರ, ಮಳೆಗಾಲದ ರಜೆ, ಎಲ್ಲವೂ ಕಾಗದದ ಮೇಲೆ ಬಂದವು. ಜೂನ್ 15ರಿಂದ ಆಗಸ್ಟ್ 10ರ ವರೆಗಿನ 57 ದಿನಗಳ ನಿಷೇಧ ನಮ್ಮಲ್ಲಿ ಹಲವು ವರ್ಷ ನಡೆಯಿತು. 2015ರಿಂದ ನಮ್ಮಲ್ಲಿ ಹೊಸ ನಿಯಮ: ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಪ್ರಖರ ದೀಪ ಬೆಳಗಿಸಿ ಮೀನು ಹಿಡಿಯುವುದನ್ನು ನಿಷೇಧಿಸಿತು. ಮಳೆಗಾಲದ ರಜೆಗೆ ಸಿಗುವ ಮರ್ಯಾದೆ ದೀಪದ ನಿಷೇಧಕ್ಕೆ ಸಿಗಲಿಲ್ಲ. ದಕ್ಕೆಯಲ್ಲಿ ಸಾಲಾಗಿ ಕಟ್ಟಿಹಾಕಿದ ಬೋಟುಗಳು ಎಲ್ಲರಿಗೂ ಕಾಣುತ್ತವೆ. ನಡುರಾತ್ರಿಯ ಕಡಲಿನಲ್ಲಿ ಯಾರ ದೀಪವೆಂದು ನೋಡುವವರು ಯಾರು? ರಂಪಣಿಯಲ್ಲಿ ತಪ್ಪಿ ನಡೆದವನ ಅಕ್ಕಪಕ್ಕದಲ್ಲಿ ಹಗ್ಗ ಹಿಡಿದವರಿದ್ದರು.

ದಡವೂ ಮೊದಲಿನಂತಿಲ್ಲ. ಪಣಂಬೂರಿನ ಹೊಸ ಬಂದರಿಗಾಗಿ 1970ರ ದಶಕಕ್ಕೆ ಮೊದಲೇ ಮೀನುಗಾರರ ನೆಲೆಗಳು ಸ್ಥಳಾಂತರಗೊಂಡವು. ಉಳ್ಳಾಲದಲ್ಲಿ ಕೊರೆತ ತಡೆಯಲು ಕಲ್ಲು ಸುರಿದರು. ಕಲ್ಲಿನ ಗೋಡೆಯ ಮೇಲೆ ಬಲೆ ಎಳೆಯಲಾಗುವುದಿಲ್ಲವೆಂಬುದನ್ನು ಯೋಜನೆ ಮಾಡುವವರಿಗೆ ಬಿಡಿಸಿ ಹೇಳಬೇಕಾಗುತ್ತದೆ.

ಇನ್ನು ಬೂತಾಯಿಯ ಮಾತು. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಈ ಮೀನು 2021ರಲ್ಲಿ 3,297 ಟನ್ನಿಗೆ ಇಳಿದಿತ್ತು. ಎರಡು ಎರಡೂವರೆ ವರ್ಷವಷ್ಟೇ ಬದುಕುವ ಮೀನಿಗೆ ಒಂದೆರಡು ಮಳೆಗಾಲ ಕೆಟ್ಟರೂ ಸಾಕು. ಅದರ ಮೇಲೆ ಮರಿಗಳನ್ನು ಬಾಚಿ ಮೀನುಹುಡಿ ಮಾಡಿದರೆ ಹಿಂಡು ಚೇತರಿಸಿಕೊಳ್ಳುವುದು ನಿಧಾನ. ಆಮೇಲಿನ ವರ್ಷಗಳಲ್ಲಿ ಬೂತಾಯಿ ಮರಳಿತು, ಆದರೆ ಗಾತ್ರ ಚಿಕ್ಕದು ಎಂಬ ದೂರು ಮಾರುಕಟ್ಟೆಯಲ್ಲಿ ಕೇಳಿಬಂತು.

ಜೂನ್, ಜುಲೈ ತಿಂಗಳುಗಳಲ್ಲಿ ಹತ್ತು ಅಶ್ವಶಕ್ತಿಯ ಒಳಗಿನ ಇಂಜಿನಿರುವ ನಾಡದೋಣಿಗಳಿಗೆ ಕಡಲಿಗಿಳಿಯಲು ಅನುಮತಿಯಿದೆ. ಅಳಿವೆಯ ಅಲೆ ತಗ್ಗಿದ ದಿನ ನೋಡಿ ಅವು ಹೊರಡುತ್ತವೆ. ತಂದ ಮೀನು ಮಾರಿದ ಹಣದಲ್ಲಿ ಖರ್ಚು ಕಳೆದು, ಬಲೆ, ದೋಣಿ, ಇಂಜಿನುಗಳ ಪಾಲು ಎತ್ತಿಟ್ಟು, ಉಳಿದುದನ್ನು ದೋಣಿ ಏರಿದವರು ಹಂಚಿಕೊಳ್ಳುತ್ತಾರೆ.