ಮೇಜರ್ ಬ್ಲೆಚ್ಲಿಯ ಓದುಗರು

1941ರಲ್ಲಿ ಅಗಾಥಾ ಕ್ರಿಸ್ಟಿ ಅವರ ‘ಎನ್ ಆರ್ ಎಮ್?’ ಹೊರಬಂದಾಗ ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದವರು ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ5ನ ಅಧಿಕಾರಿಗಳು. ಕಡಲತೀರದ ವಸತಿಗೃಹವೊಂದರಲ್ಲಿ ಸೇರಿಕೊಂಡಿರುವ ನಾಜಿ ಬೇಹುಗಾರರನ್ನು ಟಾಮಿ–ಟಪ್ಪೆನ್ಸ್ ದಂಪತಿ ಹುಡುಕುವ ಕಥೆ ಅದು. ಬೇಹುಗಾರ ಯಾರಾದರೇನು, ಅಧಿಕಾರಿಗಳ ನಿದ್ದೆಗೆಡಿಸಿದ್ದು ಒಂದು ಪಾತ್ರದ ಹೆಸರು: ಮೇಜರ್ ಬ್ಲೆಚ್ಲಿ.

ಜರ್ಮನ್ನರ ಎನಿಗ್ಮಾ ಸಂಕೇತಗಳನ್ನು ಬಿಡಿಸುತ್ತಿದ್ದ ಗುಪ್ತ ತಾಣವೇ ಬ್ಲೆಚ್ಲಿ ಪಾರ್ಕ್. ಅಲ್ಲಿನ ಹಿರಿಯ ಸಂಕೇತತಜ್ಞ ಡಿಲ್ಲಿ ನಾಕ್ಸ್ ಕ್ರಿಸ್ಟಿಯವರಿಗೆ ಸ್ನೇಹಿತರು ಬೇರೆ. ಅವರೇನಾದರೂ ಬಾಯಿಬಿಟ್ಟರೇ? ಲೇಖಕಿಯನ್ನು ಕರೆಸಿ ವಿಚಾರಿಸಿದರೆ ಅಲ್ಲೊಂದು ಗುಟ್ಟಿದೆ ಎಂದು ತಾವೇ ಡಂಗುರ ಸಾರಿದಂತೆ. ಕೊನೆಗೆ ನಾಕ್ಸ್ ಅವರೇ ಗೆಳತಿಯನ್ನು ಚಹಾಕ್ಕೆ ಕರೆದು, ಮಾತಿನ ನಡುವೆ ಆ ಹೆಸರಿನ ಸಂಗತಿ ತೆಗೆದರಂತೆ. ಆಕ್ಸ್‌ಫರ್ಡಿನಿಂದ ಲಂಡನ್ನಿಗೆ ಹೊರಟಿದ್ದ ರೈಲು ಬ್ಲೆಚ್ಲಿಯಲ್ಲಿ ಕೆಟ್ಟು ಕೂತಂತೆ ನಿಂತುಬಿಟ್ಟಿತ್ತು. ಆ ಸಿಟ್ಟಿಗೆ, ತನಗೆ ಅಷ್ಟಾಗಿ ಒಲ್ಲದ ಪಾತ್ರಕ್ಕೆ ಆ ಊರಿನ ಹೆಸರು ಅಂಟಿಸಿದೆ ಎಂಬುದು ಕ್ರಿಸ್ಟಿಯವರ ಉತ್ತರ.

ಉಳಿದ ಓದುಗರಿಗೆ ಇಂಥ ಚಿಂತೆಗಳಿರಲಿಲ್ಲ. 1940ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್ ಗ್ರಂಥಾಲಯ ಹಾಳಾಯಿತು. ಮರುವರ್ಷ, ಕಾಮಗಾರಿ ಮುಗಿಯದ ಅಲ್ಲಿನ ಸುರಂಗ ರೈಲು ನಿಲ್ದಾಣದಲ್ಲಿ, ರಾತ್ರಿ ಹಾಸಿಗೆ ಹಾಸಿಕೊಂಡು ಮಲಗುತ್ತಿದ್ದ ಜನರ ನಡುವೆಯೇ ಸುಮಾರು 4,000 ಪುಸ್ತಕಗಳ ಗ್ರಂಥಾಲಯ ಎದ್ದಿತು. ಪ್ರಕಾಶಕರಿಗೆ ಸಿಗುತ್ತಿದ್ದುದು ಪಡಿತರದ ಕಾಗದ. ಆದರೂ ಕೊಲೆ–ಪತ್ತೇದಾರಿ ಪುಸ್ತಕಗಳಿಗೆ ಬೇಡಿಕೆ ತಗ್ಗಲಿಲ್ಲ. ತಲೆಯ ಮೇಲೆ ಬಾಂಬು ಬೀಳುವಾಗ ಜನ ಇನ್ನೊಂದು ಸಾವಿನ ಕಥೆಯನ್ನೇಕೆ ಓದುತ್ತಾರೆ? 1944ರಲ್ಲಿ ಜಾರ್ಜ್ ಆರ್ವೆಲ್ ಇದೇ ಜಾಡು ಹಿಡಿದು, ‘ನೋ ಆರ್ಕಿಡ್ಸ್ ಫಾರ್ ಮಿಸ್ ಬ್ಲ್ಯಾಂಡಿಷ್’ ಎಂಬ ರಕ್ತಸಿಕ್ತ ಕಾದಂಬರಿಯ ಅಬ್ಬರದ ಜನಪ್ರಿಯತೆಯಲ್ಲಿ ಬಲಾಢ್ಯರ ಕ್ರೌರ್ಯದ ಆರಾಧನೆಯನ್ನು ಕಂಡರು. ಆ ಪುಸ್ತಕದ ಮಟ್ಟಿಗೆ ಅದು ನಿಜವಿರಬಹುದು. ಕ್ರಿಸ್ಟಿಯ ಓದುಗರಿಗೆ ಈ ಮಾತು ಹೊಂದುವುದಿಲ್ಲ. ಅವರಿಗೆ ಬೇಕಿದ್ದುದು ರಕ್ತವಲ್ಲ, ಲೆಕ್ಕ ತಾಳೆಯಾಗುವ ಕೊನೆಯ ಅಧ್ಯಾಯ.

ಆ ಓದುಗರನ್ನು ಕೆಣಕಿದರೆ ಏನಾಗುತ್ತದೆಂಬುದು ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ ಅವರಿಗೆ ಚೆನ್ನಾಗಿ ಗೊತ್ತಾಯಿತು. 1944ರ ಅಕ್ಟೋಬರಿನಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಅವರು ಪತ್ತೇದಾರಿ ಸಾಹಿತ್ಯವನ್ನು ಜಾಲಾಡಿದರು. ಬಂದ 39 ಪತ್ರಗಳಲ್ಲಿ ಅವರ ಪರವಾಗಿದ್ದುದು ಏಳೇ. ನೀವು ಓದಿದ್ದೇ ತಪ್ಪು ಪುಸ್ತಕ, ಡೊರೊಥಿ ಸೇಯರ್ಸ್ ಓದಿ ನೋಡಿ ಎಂದು ಹಲವರು ತಿದ್ದಿದರು. ವಿಲ್ಸನ್ ಓದಿದರು, ಆಕಳಿಸಿದರು, 1945ರ ಜನವರಿಯಲ್ಲಿ ಇನ್ನೊಂದು ಲೇಖನ ಬರೆದು ಮತ್ತಷ್ಟು ಬೈದರು.

ಎಂಐ5ನ ಆಕ್ಷೇಪ ಮಾತ್ರ ಆಗ ಯಾವ ಪತ್ರಿಕೆಯಲ್ಲೂ ಅಚ್ಚಾಗುವಂತಿರಲಿಲ್ಲ. ಬ್ಲೆಚ್ಲಿಯಲ್ಲಿ ನಡೆದ ಕೆಲಸದ ವಿವರ ಸಾರ್ವಜನಿಕರಿಗೆ ತಿಳಿಯತೊಡಗಿದ್ದು 1974ರಲ್ಲಿ. ಅಲ್ಲಿಯವರೆಗೆ ‘ಎನ್ ಆರ್ ಎಮ್?’ ಓದಿದ ಸಾಮಾನ್ಯರಿಗೆ ಮೇಜರ್ ಬ್ಲೆಚ್ಲಿ ವಸತಿಗೃಹದ ಒಬ್ಬ ವಾಚಾಳಿ ಮುದುಕ, ಅಷ್ಟೆ.